ಬಿಸಿ ಕೋಣೆಯಲ್ಲಿ ಹಿಡಿದ ಹಾಡು

ಬುಧವಾರ, ಮಧ್ಯಾಹ್ನ

ನನ್ನ ಮುಂಗೋಪಿಗೆ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಚೆನ್ನಾಗಿದ್ದೇನೆ ಅಂದುಬಿಟ್ಟರೆ ನನಗೆ ಹೊಟ್ಟೆಕಿಚ್ಚು. ಈ ಊರಿನ ರೇಡಿಯೋದವರು ಕೆಲಸ ಖಾಯಂ ಮಾಡ್ತಾರಂತೆ, ತಿಂಗಳ ಕೊನೆಗೆ ಹೂಂ ಅನ್ನಬೇಕು, ಏನ್ಮಾಡ್ಲಿ ಅಂತ ನೀನು ಮೊನ್ನೆ ಫೋನಿನಲ್ಲಿ ಕೇಳಿದೆ. ನಿನ್ನಿಷ್ಟ ಅಂದುಬಿಟ್ಟೆ ನಾನು. ಫೋನ್ ಇಟ್ಟ ಮೇಲೆ ಅನ್ನ ಇಳಿಯಲಿಲ್ಲ.

ನೀನು ಹೋಗುವ ಮುಂಚೆ ನಮ್ಮ ಪ್ರಯೋಗಾಲಯಕ್ಕೆ ಗಂಡು ಚಿಮ್ಮಂಡೆ ಹುಳುಗಳ ಹಾಡು ರೆಕಾರ್ಡ್ ಮಾಡಿಕೊಟ್ಟಿದ್ದೆಯಲ್ಲ, ಅದರದ್ದೊಂದು ಕಥೆಯಾಯಿತು. ಗಂಡು ರೆಕ್ಕೆ ಉಜ್ಜಿ ಕಿರ್ರ್ ಅನ್ನುತ್ತದೆ. ಹೆಣ್ಣು ಕೇಳಿ, ಅಳೆದು ಸುರಿದು, ಮನಸ್ಸಿಗೆ ಬಂದವನ ಕಡೆ ನಡೆಯುತ್ತದೆ. ಆದರೆ ಸ್ಪೀಕರಿನಲ್ಲಿ ನಿನ್ನ ರೆಕಾರ್ಡಿಂಗ್ ಹಾಕಿದರೆ ಒಂದು ಹೆಣ್ಣೂ ಜಪ್ಪಯ್ಯ ಅಂದರೂ ಕದಲಲಿಲ್ಲ. ನಿನ್ ಗಂಡನಿಗೆ ಹುಳದ ಹಾಡು ಹಿಡಿಯಕ್ಕೂ ಬರಲ್ವೇನಮ್ಮ ಅಂದರು ನಮ್ಮ ಮೇಡಂ. ಮೈಯೆಲ್ಲ ಉರಿಯಿತು. ನಿನ್ನನ್ನು ಬೈಯುವ ಹಕ್ಕು ನನ್ನೊಬ್ಬಳದು!

ಕೊನೆಗೆ ನೋಡಿದರೆ ಎಡವಟ್ಟು ನನ್ನದೇ. ನೀನು ಹಾಡು ಹಿಡಿದದ್ದು ಹೀಟರ್ ಹಾಕಿದ ಕೋಣೆಯಲ್ಲಿ, ನಾನು ಹೆಣ್ಣುಗಳನ್ನು ಕೂರಿಸಿದ್ದು ಎ.ಸಿ. ಕೋಣೆಯಲ್ಲಿ. ಬಿಸಿಯಲ್ಲಿ ಗಂಡಿನ ಹಾಡಿಗೆ ವೇಗ ಜಾಸ್ತಿ. ತಣ್ಣಗಿರುವ ಹೆಣ್ಣಿಗೆ ಅದು ತನ್ನವರ ಹಾಡು ಅಂತಲೇ ಅನ್ನಿಸುವುದಿಲ್ಲ. ಎ.ಸಿ. ಆರಿಸಿ ಕಾದೆ. ಕೋಣೆ ಬೆಚ್ಚಗಾಗುತ್ತಲೇ ಒಬ್ಬಳು ಮೀಸೆ ಆಡಿಸಿದಳು, ತಡವರಿಸಿದಳು, ಆಮೇಲೆ ನೆಟ್ಟಗೆ ಹೋಗಿ ಸ್ಪೀಕರಿಗೆ ಅಂಟಿಕೊಂಡಳು. ನನಗೆ ಅಳು ಬಂತು ಕಣೋ.

ಹೊರಡುವ ಮುಂಚೆ ನೀನು ಕೂಗಾಡಿದ್ದೆಲ್ಲ ನೆನಪಾಯಿತು. ನೀನೂ ಬಾ ಅಂತಲೇ ತಾನೇ ಅಷ್ಟೊಂದು ಕೂಗಿದ್ದು? ನಾನು ಹುಳುಗಳ ಡಬ್ಬಿ ತೊಳೆಯುತ್ತಾ ನಿಂತಿದ್ದೆ, ನನಗೆ ಬರೀ ಗಲಾಟೆ ಕೇಳಿಸಿತು.

ರೆಕಾರ್ಡಿಂಗಿನ ಕೊನೆಯಲ್ಲಿ ನಿನ್ನ ದನಿಯೂ ಇದೆ, ಅಳಿಸುವುದು ಮರೆತಿದ್ದೀಯ. ಸಾಕು ಬಾರೇ, ಹೊಟ್ಟೆ ಚುರುಗುಟ್ತಿದೆ ಅನ್ನುತ್ತೀಯ. ಹುಳು ಅದಕ್ಕೆ ಸೊಪ್ಪು ಹಾಕಲಿಲ್ಲ. ನಾನು ಮಾತ್ರ ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತು ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಮೇಡಂ ಬಾಗಿಲು ತೆಗೆದವರು ಸುಮ್ಮನೆ ಮುಚ್ಚಿಕೊಂಡು ಹೋದರು.

ಈಗ ತಣ್ಣನೆ ಕೋಣೆಯಲ್ಲೂ ಗಂಡುಗಳ ಹಾಡು ಹಿಡಿಯಬೇಕಂತೆ. ನಿನ್ನಷ್ಟು ಚೆನ್ನಾಗಿ ಆ ಕೆಲಸ ಬಲ್ಲವರು ಇಲ್ಲಿ ಯಾರೂ ಇಲ್ಲ. ರಜೆ ಹಾಕಿ ಬಂದು ಹೋಗಲು ಆಗುತ್ತದಾ? ತಿಂಗಳು ಮುಗಿಯುವುದರೊಳಗೆ ಬಂದರೆ ಅನುಕೂಲ.

ನಿನ್ನ,
ಹುಳದ ಡಾಕ್ಟರಮ್ಮ

ಮರೆತದ್ದು: ತಣ್ಣನೆ ಕೋಣೆಯ ಹಾಡನ್ನು ನಿನ್ನೆಯೇ ನಾನೇ ಹಿಡಿದು ಮುಗಿಸಿದೆ, ಮೇಡಂ ಭೇಷ್ ಅಂದರು. ನಿನಗೆ ಇಲ್ಲಿ ಯಾವ ಕೆಲಸವೂ ಇಲ್ಲ. ರೇಡಿಯೋದವರಿಗೆ ಹೂಂ ಅನ್ನಬೇಡ. ಬಂದುಬಿಡು.