ಮೀಸಲು ಹಾಲು ಬೇರೆಯವರು ಒಯ್ಯಲಿ

ಹಿರಿಯೂರು
ಭಾನುವಾರ, ೧೨ ಅಕ್ಟೋಬರ್ ೨೦೨೫

ಜಯಕ್ಕಾ, ನಿನ್ನ ತಮ್ಮನ ನಮಸ್ಕಾರ.

ಈ ಪತ್ರ ತಂದಿರುವ ಜುಂಜೇಶ್ ನಮ್ಮ ವಿದ್ಯುತ್ ಕೇಂದ್ರದ ಲೈನ್‌ಮ್ಯಾನ್. ನೀನು ಓದಿ ಮುಗಿಸುವವರೆಗೆ ಅಲ್ಲಿಂದ ಕದಲಬಾರದೆಂದು ಹೇಳಿದ್ದೇನೆ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಇಂದು ಹಾಗಾಗಬಾರದು.

ನಾಳೆ ಹಟ್ಟಿಯ ಗುಡಿಗೆ ಮೀಸಲು ಹಾಲನ್ನು ಕೀರ್ತನಾಳಿಂದ ಹೊರಿಸಬೇಡ. ಅದಕ್ಕೆಂದು ಅವಳು ಹಿಡಿದಿರುವ ಉಪವಾಸವನ್ನು ಈಗಲೇ ಬಿಡಿಸು.

ಶುಕ್ರವಾರ ಚಿತ್ರದುರ್ಗದಲ್ಲಿ ತೋರಿಸಿದಾಗಲೇ ಡಾಕ್ಟರು ಆಸ್ಪತ್ರೆಗೆ ಸೇರಿಸಿ ಎಂದಿದ್ದರು. ‘ಸೋಮವಾರದ್ದು ಮುಗೀಲಿ ಅಪ್ಪ, ಅತ್ತೆ ಎಲ್ಲರಿಗೂ ಹೇಳೈತೆ’ ಎಂದು ಅವಳು ಅತ್ತಳು. ನಾನು ಒಪ್ಪಿ ನಿನ್ನಲ್ಲಿಗೆ ತಂದುಬಿಟ್ಟೆ. ಇಂದು ಮಧ್ಯಾಹ್ನ ರಕ್ತದ ವರದಿ ಬಂತು. ಪೊಟ್ಯಾಸಿಯಂ ತೀರ ಇಳಿದಿದೆ. ಇನ್ನೂ ಉಪವಾಸ ಮಾಡಿದರೆ ಎದೆಬಡಿತ ತಪ್ಪಿ ನಿಂತುಬಿಡಬಹುದು ಎಂದರು.

ನೀನು ಇದನ್ನು ಒಪ್ಪುವುದಿಲ್ಲ. ಹೋದ ವಾರ ಹೇಳಿದೆಯಲ್ಲ: ‘ಎಲ್ಲರಿಗೂ ಮುದ್ದೆ ಕಟ್ಟಿ ಬಡಿಸ್ತಾಳೆ, ತಾನು ಒಂದು ಲೋಟ ಮಜ್ಜಿಗೆ ಕುಡಿದು ಏಳ್ತಾಳೆ. ಯುಗಾದಿಯಿಂದ ಈಚೆಗೆ ಹಟ್ಟಿ ಹೊರಗೆ ಕೂರೋ ಕರ್ಮನೂ ತಪ್ಪೈತೆ. ದೇವರ ಕೂಸು ಕಣೋ ಲೇ. ನಿನ್ನ ಕರೆಂಟಿನ ಲೆಕ್ಕ ಇಲ್ಲಿ ನಡೆಯಲ್ಲ.’

ಆದರೂ ನನಗೆ ತಿಳಿದಿರುವುದು ಆ ಲೆಕ್ಕವೊಂದೇ. ವಿದ್ಯುತ್ ಕೊರತೆಯಾದಾಗ ನಾವು ಒಂದೊಂದೇ ಊರಿನ ಲೈನು ಕಡಿತ ಮಾಡುತ್ತೇವೆ. ಹಸಿದ ದೇಹವೂ ಹಾಗೆಯೇ ಮಾಡಿದೆ. ಅವಳ ಮುಟ್ಟು ನಿಂತದ್ದು ದೇವರ ಕೃಪೆಯಿಂದಲ್ಲ ಅಕ್ಕಾ, ಈ ಕಡಿತದಿಂದ. ಕೂದಲು ಉದುರಿದ್ದು, ಮಧ್ಯಾಹ್ನದ ಬಿಸಿಲಲ್ಲೂ ಕೈ ತಣ್ಣಗಿರುವುದು, ಎಲ್ಲವೂ ಅದೇ.

ಈಗ ಕೊರತೆ ಮಿದುಳಿಗೂ ಮುಟ್ಟಿದೆ. ಡಾಕ್ಟರು ಅದರ ಚಿತ್ರ ತೋರಿಸಿದರು. ಮಡಿಕೆಗಳು ತೆಳುವಾಗಿವೆ, ನಡುವಿನ ನೀರಿನ ಜಾಗ ಅಗಲವಾಗಿದೆ. ಬಾಯಲ್ಲೇ ಲೆಕ್ಕ ಬಿಡಿಸುತ್ತಿದ್ದವಳು ಈಗ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಾಳೆ. ಕಡ್ಡಿಯಂಥ ತೋಳನ್ನು ಮುಂದೆ ಚಾಚಿ ‘ನೋಡಪ್ಪ, ಎಷ್ಟು ದಪ್ಪ ಐತೆ’ ಎನ್ನುತ್ತಾಳೆ. ಅವಳಿಗೆ ಹಾಗೆಯೇ ಕಾಣುತ್ತದೆ. ನಮ್ಮ ನಿಯಂತ್ರಣ ಕೊಠಡಿಯ ಬ್ಯಾಟರಿ ಇಳಿದರೆ ಮೀಟರುಗಳು ತಪ್ಪು ತೋರಿಸುತ್ತವೆ. ಅವನ್ನು ನಂಬಿ ಸ್ವಿಚ್ ಒತ್ತಿದವನು ಸುಳ್ಳುಗಾರನಲ್ಲ. ತಟ್ಟೆ ಎದುರಿಗಿದ್ದರೆ ಅವಳ ಮಿದುಳು ಹಾವು ಕಂಡಂತೆ ಬೆದರುತ್ತದೆ, ಹಸಿದಿದ್ದರೆ ಗೆದ್ದಂತೆ ನೆಮ್ಮದಿಗೊಳ್ಳುತ್ತದೆ. ಆ ಹಸಿವೇ ಅದನ್ನು ಮತ್ತಷ್ಟು ಸವೆಸುತ್ತದೆ. ಈ ಕಾಯಿಲೆಗೆ ಕಾರಣ ಒಂದೇ ಅಲ್ಲ, ಯಾರನ್ನೂ ದೂರಬೇಡಿ ಎಂದರು ಡಾಕ್ಟರು. ತಿಂಗಳುಗಟ್ಟಲೆ ಸರಿಯಾಗಿ ಉಂಡರೆ ಸವೆದದ್ದು ಬಹುಮಟ್ಟಿಗೆ ತುಂಬಿಕೊಳ್ಳುತ್ತದಂತೆ.

ಪಾಳಿ ಬದಲಿಸುವವರು ಬಂದ ಕೂಡಲೇ ಕಾರು ತರುತ್ತೇನೆ. ಪತ್ರ ಮೊದಲು ತಲುಪಬೇಕಿತ್ತು, ಏಕೆಂದರೆ ಜನರ ಎದುರು ನಾವಿಬ್ಬರು ವಾದಕ್ಕೆ ನಿಂತರೆ ಅವಳು ಕಾರು ಹತ್ತುವುದಿಲ್ಲ. ಅವಳಮ್ಮ ಗಂಗಾ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ನೀನು. ನಿನ್ನ ಮಾತಿಗೆ ಮಾತ್ರ ಹತ್ತುತ್ತಾಳೆ.

ಅಲ್ಲಿಯವರೆಗೆ ಅರ್ಧ ಲೋಟ ರಾಗಿ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸು. ಗಾಬರಿಯಿಂದ ಹೊಟ್ಟೆತುಂಬ ತಿನ್ನಿಸಬೇಡ. ಇಷ್ಟು ಬಳಲಿದ ದೇಹಕ್ಕೆ ಅದೂ ಅಪಾಯ. ಹಟ್ಟಿಯವರು ಕೇಳಿದರೆ ನನ್ನ ಹೆಸರು ಹೇಳು. ಓದಿ ಕೆಟ್ಟ ತಮ್ಮ ಅಡ್ಡ ಬಂದ ಎನ್ನು. ಆ ಮಾತು ನನಗಿರಲಿ.

ನಿನ್ನ ತಮ್ಮ,
ಗೋವರ್ಧನ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಊಟವೆಂದರೆ ಏಕೆ ಭಯ ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು ಹೇಳಿದ್ದರಲ್ಲಿ ಇದೂ ಒಂದು: ‘ಉಂಡ್ರೆ ಮತ್ತೆ ಮುಟ್ಟಾಗ್ತೀನಿ. ಹೊರಗೆ ಕೂರಿಸ್ತಾರೆ. ಅತ್ತೆ ಹತ್ರಕ್ಕೇ ಬರಲ್ಲ.’ ಅವಳು ಗುಣವಾದರೆ ಆ ದಿನ ಬಂದೇ ಬರುತ್ತದೆ. ಅಂದು ಅವಳನ್ನು ಒಳಗೆ, ನಿನ್ನ ಪಕ್ಕದಲ್ಲಿ ಊಟಕ್ಕೆ ಕೂರಿಸುವೆಯಾ? ಉತ್ತರವನ್ನು ನನಗೆ ಬರೆಯಬೇಡ. ಕಾರು ಬರುವುದರೊಳಗೆ ಅವಳಿಗೆ ಹೇಳು.