ಏನೂ ಆಗದ ದಿನದ ಸುದ್ದಿ

ತಮ್ಮಾ,

‘ಪ್ರೀತಿಯ ತಮ್ಮ’ ಎಂದು ಬರೆದು ಮೊದಲ ಪದವನ್ನು ಹೊಡೆದುಹಾಕಿದ್ದೇನೆ. ಪ್ರೀತಿ ಇಲ್ಲವೆಂದಲ್ಲ, ಈ ಕಾಗದಕ್ಕೆ ಅದನ್ನು ಖರ್ಚು ಮಾಡುವ ಮನಸ್ಸಿಲ್ಲ. ನಿನ್ನೆ ಮಧ್ಯಾಹ್ನ ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕಿದೆ. ಫೋನಿನಲ್ಲೇ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಆಡಿದ ಮಾತನ್ನು ನೀನು ಏನು ಮಾಡುತ್ತೀಯ ಎಂಬುದನ್ನು ಒಮ್ಮೆ ನೋಡಿಯಾಗಿದೆ. ಕಾಗದವನ್ನಾದರೆ ನೀನೇ ಓದಬೇಕು, ನಿನ್ನ ಬಾಯಿಂದ.

ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಊರಿನ ರೇಡಿಯೋದಲ್ಲಿ ಹವಾಮಾನ, ಸಂಚಾರ, ಸ್ಥಳೀಯ ಸುದ್ದಿ ಓದುವ ನಿನ್ನನ್ನು ಹನ್ನೊಂದು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಆಸ್ಪತ್ರೆಯ ಲಾಂಡ್ರಿಗೆ ಎಂಟಕ್ಕೆ ಹಾಜರಾಗಬೇಕಾದ ನಾನು ಏಳೂಕಾಲರ ಬಸ್ಸು ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತೇನೆ. ಬಸ್ಸು ಒಂದೇ ಸಿಗ್ನಲ್ಲಿನಲ್ಲಿ ಮೂರು ಸಲ ಕೆಂಪು ದೀಪ ನೋಡುವ ಹೊತ್ತಿಗೆ ಸರಿಯಾಗಿ ನೀನು ‘ಮುಖ್ಯರಸ್ತೆಯಲ್ಲಿ ಸಂಚಾರ ಸುಗಮ’ ಎನ್ನುತ್ತೀಯ. ಯಾವ ಮುಖ್ಯರಸ್ತೆ? ಯಾರ ಸಂಚಾರ? ‘ಅಲ್ಲಲ್ಲಿ ಹಗುರ ಮಳೆ’ ಎನ್ನುತ್ತೀಯ. ಈ ಅಲ್ಲಲ್ಲಿ ಎಂಬ ಜಾಗ ಎಲ್ಲಿದೆಯೋ ನನಗೆ ಗೊತ್ತಿಲ್ಲ, ಆದರೆ ನಾನು ಕೊಡೆ ಮರೆತ ದಿನವೆಲ್ಲ ಸರಿಯಾಗಿ ಅದರ ಕೆಳಗೇ ನಿಂತಿರುತ್ತೇನೆ. ನಮ್ಮ ಬಸ್ ಸ್ಟಾಪಿನ ಚಾವಣಿಯ ಸುದ್ದಿ ನೀನು ಓದಿದವನೇ: ಉದ್ಘಾಟನೆಯಾಯಿತು ಎಂದು, ಎರಡು ಸಲ. ಅದರ ಮೇಲೆ ಒಂದು ದೊಡ್ಡ ನಗುಮುಖದ ಚಿತ್ರ ಅಂಟಿಸಿದ್ದಾರೆ. ಮಳೆ ಬಂದರೆ ಆ ಮುಖದ ಹಿಂಬದಿ ಮಾತ್ರ ಒಣಗಿರುತ್ತದೆ. ಬೆಂಚನ್ನು ತೆಗೆದು ‘ಮುಂದಿನ ಬಸ್ಸು ನಾಲ್ಕು ನಿಮಿಷದಲ್ಲಿ’ ಎಂಬ ಹೊಳೆಯುವ ಹಲಗೆ ಹಾಕಿದ್ದಾರೆ. ಅರ್ಧ ಗಂಟೆ ನಿಂತರೂ ಆ ನಾಲ್ಕು ಮೂರಾಗುವುದಿಲ್ಲ. ಅದನ್ನು ಕಂಡಾಗಲೆಲ್ಲ ನಿನ್ನ ನೆನಪಾಗುತ್ತದೆ.

ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನೀನೇ ಹೇಳಿದ್ದೆ, ಬೆಳಗಿನ ಹವಾಮಾನವನ್ನೂ ಸಂಚಾರವನ್ನೂ ಹಿಂದಿನ ಸಂಜೆಯೇ ಬರೆದಿಟ್ಟುಬಿಡುತ್ತೇನೆ, ಅದರಿಂದ ಹತ್ತು ನಿಮಿಷ ಹೆಚ್ಚು ನಿದ್ದೆ ಸಿಗುತ್ತದೆ ಎಂದು. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆ ನಗುವಿಗಾಗಿ ಇವತ್ತು ನನ್ನ ಮೇಲೆ ನನಗೇ ಹೇಸಿಗೆ.

ಈಗ ಆ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ನೀನು ಅದರ ಸುದ್ದಿ ಓದಿದ್ದೀಯ, ನಡೆದದ್ದು ಏನೆಂದು ಒಮ್ಮೆಯೂ ಪೂರ್ತಿ ಕೇಳಿಸಿಕೊಂಡಿಲ್ಲ.

ನಮ್ಮ ಬಸ್ಸಿನ ಡ್ರೈವರಿಗೆ ನಾವು ಇಟ್ಟ ಹೆಸರು ನಿಧಾನಪ್ಪ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮುದುಕರು ಸೀಟಿನಲ್ಲಿ ಕೂತು ಕೈಚೀಲ ಸರಿಮಾಡಿಕೊಳ್ಳುವವರೆಗೆ ಬಸ್ಸು ಬಿಡುತ್ತಿರಲಿಲ್ಲ. ನಾವು ಅವರ ಬೆನ್ನ ಹಿಂದೆ ಮೂಗು ಮುರಿಯುತ್ತಿದ್ದೆವು. ಆವತ್ತು ಬೆಳಗಿನ ಐದರಿಂದ ಮಳೆ ಬಿಟ್ಟಿರಲಿಲ್ಲ. ಮೊದಲ ಆಪರೇಷನ್ನಿಗೆ ಬೇಕಾದ ಹಸಿರು ಬಟ್ಟೆಗಳನ್ನು ಮಡಚಿ, ಗಂಟು ಕಟ್ಟಿ, ಎಂಟೂವರೆಗೆ ಮೇಲಿನ ಮಹಡಿಗೆ ಕಳಿಸುವುದು ನನ್ನ ಹೊಣೆ. ತಡವಾದರೆ ಮೇಜಿನ ಮೇಲೆ ಮಲಗಿದ ರೋಗಿ ಕಾಯಬೇಕು, ನರ್ಸುಗಳ ಬಾಯಿಗೆ ನಾನು ಸಿಗಬೇಕು. ಗಡಿಯಾರ ನೋಡುತ್ತ ಕೂತಿದ್ದೆ. ನೀನು ನನ್ನ ಕಿವಿಯಲ್ಲಿ ‘ರೈಲು ಹಳಿಯ ಅಂಡರ್‌ಪಾಸಿನಲ್ಲಿ ಸಂಚಾರ ಎಂದಿನಂತೆ’ ಎಂದೆ. ಐದು ನಿಮಿಷದಲ್ಲಿ ನಿಧಾನಪ್ಪ ಅದೇ ಅಂಡರ್‌ಪಾಸಿನ ಬಾಯಲ್ಲಿ ಬಸ್ಸು ನಿಲ್ಲಿಸಿದರು.

ಅವರು ಪ್ಯಾಂಟು ಮಡಚಿ ಕೆಳಗಿಳಿದರು. ಇಳಿಜಾರಿನಲ್ಲಿ ನಡೆದುಹೋಗಿ, ನೀರಿನ ಅಂಚಿನಲ್ಲಿ ನಿಂತು, ಪಕ್ಕದ ಚರಂಡಿಯ ಗೋಡೆಯನ್ನು ತುಂಬಾ ಹೊತ್ತು ನೋಡಿದರು. ನೀರು ಆಗ ಮೊಣಕಾಲಿನಷ್ಟೇ ಇತ್ತು. ಒಂದು ಸ್ಕೂಟರು ನಮ್ಮ ಕಣ್ಣೆದುರೇ ದಾಟಿಹೋಯಿತು. ಅವರು ಹಿಂದಿರುಗಿ ಬಂದು, ಬಸ್ಸನ್ನು ಕೆಳಗೆ ಇಳಿಸುವುದಿಲ್ಲ, ಎಲ್ಲರೂ ಇಳಿದು ಮೇಲಿನ ಕಾಲುಸೇತುವೆ ಹತ್ತಿ ಆಚೆ ಹೋಗಿ ಎಂದರು. ಕಂಡಕ್ಟರಮ್ಮ ಡಿಪೋಗೆ ಫೋನ್ ಮಾಡಿದರು. ಡಿಪೋದವರು, ರೇಡಿಯೋದಲ್ಲಿ ದಾರಿ ಸರಿಯಿದೆ ಅಂತ ಬಂದಿದೆಯಲ್ಲ, ಸುಮ್ಮನೆ ಹೋಗಿ ಎಂದರಂತೆ. ನೋಡು, ನಿನ್ನ ಆ ಹತ್ತು ನಿಮಿಷದ ನಿದ್ದೆ ಎಷ್ಟು ದೂರ ನಡೆದಿದೆ.

ಬಸ್ಸಿನಲ್ಲಿ ಗಲಾಟೆ ಶುರುವಾಯಿತು. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದು. “ಅಷ್ಟು ಭಯ ಇದ್ದೋರು ಸ್ಟೀರಿಂಗ್ ಯಾಕೆ ಹಿಡೀಬೇಕು, ಮನೇಲಿ ಕೂತ್ಕೋಬೇಕು” ಎಂದೆ. ನಾಲ್ಕು ವರ್ಷ ದಿನವೂ ನನ್ನನ್ನು ಹೊತ್ತು ತಿರುಗಿದ ಮನುಷ್ಯನಿಗೆ, ಅಷ್ಟು ಜನರ ಎದುರಿಗೆ. ನಾವು ಬೈಯುತ್ತ ಇಳಿದ ಮೇಲೆ ಅವರು ಬಸ್ಸನ್ನು ಹಿಂದೆ ಮುಂದೆ ಮಾಡಿ ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ಹಿಂದೆ ಸಾಲುಗಟ್ಟಿದ ಕಾರು, ವ್ಯಾನು, ಶಾಲೆಯ ಬಸ್ಸು ಎಲ್ಲ ಒಟ್ಟಿಗೆ ಹಾರನ್ ಬಾರಿಸತೊಡಗಿದವು.

ಕಾಲುಸೇತುವೆಯ ಮೇಲೆ, ಗಾಳಿಗೆ ಕೊಡೆ ತಿರುಗಿ ಬಿದ್ದ ಸಿಟ್ಟಿನಲ್ಲಿ, ನಿನಗೆ ಫೋನ್ ಮಾಡಿದೆ. ಒಡಹುಟ್ಟಿದವನ ಹತ್ತಿರ ಹೊಟ್ಟೆಯ ಉರಿ ಕಾರಿಕೊಂಡೆ, ಅಷ್ಟೇ. ನೀನು ಅದನ್ನು ರೆಕಾರ್ಡ್ ಮಾಡಿಕೊಂಡೆ. ಎಂಟು ಗಂಟೆಗೆ ಲಾಂಡ್ರಿಯ ಬಾಗಿಲಲ್ಲಿ ಒದ್ದೆ ಚಪ್ಪಲಿ ಕಳಚುತ್ತಿದ್ದಾಗ, ಇಸ್ತ್ರಿ ಮಾಡುವವಳ ರೇಡಿಯೋದಿಂದ ನನ್ನದೇ ಧ್ವನಿ ಬಂತು. ‘ಚಾಲಕನ ಹಠದಿಂದ ಸಂಚಾರ ಅಸ್ತವ್ಯಸ್ತ, ನೊಂದ ಪ್ರಯಾಣಿಕರೊಬ್ಬರ ಅಳಲು ಕೇಳಿ’ ಎಂದು ನೀನು ಹೇಳಿದೆ. ಅಕ್ಕ ಎಂದು ಹೇಳಲಿಲ್ಲ. ಇಸ್ತ್ರಿಯವಳು ನನ್ನ ಕಡೆ ನೋಡಿ ನಕ್ಕಳು. ನಿಜ ಹೇಳುತ್ತೇನೆ, ನನಗೂ ಒಂದು ಕ್ಷಣ ಹೆಮ್ಮೆಯಾಯಿತು. ಆ ಕ್ಷಣದ ನನ್ನನ್ನು ಹಿಡಿದು ಕುದಿನೀರಿನ ಯಂತ್ರಕ್ಕೆ ಹಾಕಿ ಒಗೆಯಬೇಕು ಅನ್ನಿಸುತ್ತದೆ.

ಸಂಜೆ ನಾಲ್ಕಕ್ಕೆ ವಾಪಸು ಬರುವಾಗ ಮಳೆ ನಿಂತಿತ್ತು. ಅಂಡರ್‌ಪಾಸಿನಲ್ಲಿ ಅಗ್ನಿಶಾಮಕದವರು ಇನ್ನೂ ನೀರು ಹೊರಗೆ ಹಾಕುತ್ತಿದ್ದರು. ಗೋಡೆಯ ಮೇಲೆ ಕೆಸರಿನ ಗೆರೆ ಇತ್ತು. ನಾನು ಹತ್ತಿರ ಹೋಗಿ ಕೈ ಮೇಲೆತ್ತಿ ನಿಂತೆ. ಬೆರಳ ತುದಿಗೆ ಅದು ಎಟುಕಲಿಲ್ಲ. ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಚರಂಡಿಯ ಗೋಡೆ ಒಡೆದು ನೀರೆಲ್ಲ ಒಮ್ಮೆಲೇ ಒಳಗೆ ನುಗ್ಗಿತೆಂದು ಪೈಪು ಹಿಡಿದಿದ್ದವರು ಹೇಳಿದರು. ಅಡ್ಡ ನಿಂತ ಬಸ್ಸಿನ ಮುಂದಿನ ಗಾಲಿಯವರೆಗೆ ಬಂದು ನಿಂತಿತಂತೆ. ಒಳಗೆ ಎಷ್ಟು ಜನ ಸಿಕ್ಕಿಹಾಕಿಕೊಂಡರು ಎಂದು ಕೇಳಿದೆ. “ಯಾರೂ ಇರ್ಲಿಲ್ಲಮ್ಮ. ಯಾವನೋ ಬಸ್ಸಿನವನು ದಾರಿ ಕಟ್ಟಿದ್ನಂತೆ” ಎಂದರು. ನಾನು ಅಲ್ಲೇ ತಡೆಗೋಡೆಯ ಮೇಲೆ ಕೂತೆ. ಹಿಂದಿನ ಸಾಲಿನಲ್ಲಿದ್ದ ಆ ಶಾಲೆಯ ಬಸ್ಸು ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ಮನೆಗೂ ಹೋಗದೆ ನಿನ್ನ ಸ್ಟುಡಿಯೋಗೆ ಬಂದೆ. ಅಷ್ಟರಲ್ಲಿ ನಿಧಾನಪ್ಪನನ್ನು ಅಮಾನತು ಮಾಡಿದ್ದರು. ಆದೇಶ ಮೀರಿದ್ದು ಒಂದು ತಪ್ಪು, ರಸ್ತೆ ತಡೆದದ್ದು ಇನ್ನೊಂದು. ‘ಮಾಧ್ಯಮದಲ್ಲಿ ಬಂದ ಸಾರ್ವಜನಿಕ ದೂರಿನ ಮೇರೆಗೆ’ ಎಂದು ಆದೇಶದಲ್ಲಿತ್ತು. ಆ ಸಾರ್ವಜನಿಕಳು ನಾನು, ಆ ಮಾಧ್ಯಮ ನೀನು. ನಾಳೆ ಬೆಳಿಗ್ಗೆ ನಿಜ ಏನೆಂದು ಓದು ಎಂದು ಕೈ ಹಿಡಿದು ಬೇಡಿಕೊಂಡೆ. ನೀನು ಚಹಾದ ಲೋಟ ಕೆಳಗಿಟ್ಟು ಆಡಿದ ಮಾತು ಅಕ್ಷರ ಬಿಡದೆ ನೆನಪಿದೆ. “ಅಕ್ಕಾ, ಆಗ್ದೇ ಇರೋದನ್ನ ಸುದ್ದಿ ಮಾಡೋದು ಹೇಗೆ? ಯಾರಾದ್ರೂ ಮುಳುಗಿದ್ರೆ ಆ ಮಾತು ಬೇರೆ.”

ನೀನು ಕೆಟ್ಟವನಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನೀನು ಅದನ್ನು ತುಂಬ ಸಹಜವಾಗಿ, ಅಕ್ಕನಿಗೆ ಕೆಲಸದ ಗುಟ್ಟು ತಿಳಿಸಿಕೊಡುವವನ ಹಾಗೆ ಹೇಳಿದೆ. ಮೈಕಿನ ಮುಂದೆ ಕೂತು ಕೂತು ನಿನಗೆ ಹೊರಗೊಂದು ಊರಿದೆ ಎಂಬುದೇ ಮರೆತಿದೆ. ಮರುದಿನ ‘ಭಾರಿ ಮಳೆಗೆ ಅಂಡರ್‌ಪಾಸ್ ಜಲಾವೃತ, ಸಾರ್ವಜನಿಕರು ಸಹಕರಿಸಬೇಕು’ ಎಂದು ಓದಿ ಕೈ ತೊಳೆದುಕೊಂಡೆ. ಹಿಂದೆಯೇ ಒಂದು ಮೆತ್ತನೆಯ ಹಾಡು ಹಾಕಿದೆ.

ಆಮೇಲೆ ನಾನು ಮಾಡಿದ್ದು ನಿನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ದಿನವೂ ಕೂರುತ್ತಿದ್ದ ಗಡಿಯಾರ ರಿಪೇರಿ ತಾತನನ್ನು ಜೊತೆಗೆ ಕರೆದುಕೊಂಡು, ಹನ್ನೊಂದು ದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಸಹಿ ಹಾಕಿಸಿಕೊಂಡೆ. ಕೆಲವರು ನಿನ್ನ ಹಾಗೆಯೇ ಮಾತಾಡಿದರು. ಏನೂ ಆಗಲಿಲ್ಲವಲ್ಲ, ಬಿಡಿ ಎಂದರು. ಒಬ್ಬಾತ, ಆವತ್ತು ನನ್ನ ಅರ್ಧ ದಿನದ ರಜೆ ಹೋಯಿತು, ಸಹಿ ಹಾಕಲ್ಲ ಎಂದ. ಜೀವ ಉಳಿದದ್ದಕ್ಕಿಂತ ಅರ್ಧ ದಿನದ ರಜೆ ಹೋದದ್ದು ದೊಡ್ಡದು ಆ ಮನುಷ್ಯನಿಗೆ. ಇಂಥವರಿಗಾಗಿಯೇ ನೀನು ಓದುವುದು ಎಂದುಕೊಂಡೆ. ಕೊನೆಗೆ ಮೂವತ್ತೊಂದು ಸಹಿ ಸಿಕ್ಕಿತು.

ವಿಚಾರಣೆ ಸಾರಿಗೆ ಕಚೇರಿಯ ಮೂರನೆಯ ಮಹಡಿಯಲ್ಲಿ. ಮೂವರು ಅಧಿಕಾರಿಗಳು, ಒಂದು ಉದ್ದ ಮೇಜು, ಕಿಟಕಿಯ ಪಕ್ಕ ಗಟ್ಟಿಯಾಗಿ ಗೊಣಗುವ ಕೂಲರ್. ಆ ಕೋಣೆಯಲ್ಲಿ ಅವರು ಮೊದಲು ಮಾಡಿದ ಕೆಲಸ ನನ್ನ ಧ್ವನಿಯನ್ನು ಕೇಳಿಸಿದ್ದು. ನಿಧಾನಪ್ಪ ತಲೆ ತಗ್ಗಿಸಿ ಕೂತಿದ್ದರು. ನಾನು ಎದ್ದು, ಆ ಧ್ವನಿ ನನ್ನದೇ, ಆದರೆ ಆ ಮಾತು ತಪ್ಪು ಎಂದೆ. ಆಗ ಹಾಗೆ ಹೇಳಿದ್ದು ನಿಜ ತಾನೇ ಎಂದು ಮಧ್ಯದ ಅಧಿಕಾರಿ ಕೇಳಿದರು. ನಿಜ, ಅದಕ್ಕೇ ರಜೆ ಹಾಕಿ ಬಂದಿದ್ದೇನೆ ಎಂದೆ. ಗೋಡೆಯ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ಬರೆದುಕೊಳ್ಳಿ, ಒಳಗೆ ಎಷ್ಟು ಜನ ಇದ್ದರು ಎಂಬುದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಿ ಎಂದೆ. ಗಡಿಯಾರದ ತಾತ ಸಹಿಗಳ ಹಾಳೆಯನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಸವರಿ ನೇರ ಮಾಡಿದರು.

ಇಳಿಸದಿದ್ದರೆ ಹೋಗಲಿ, ರಸ್ತೆಗೆ ಅಡ್ಡ ಯಾಕೆ ನಿಲ್ಲಿಸಿದಿರಿ ಎಂದು ಅಧಿಕಾರಿ ನಿಧಾನಪ್ಪನನ್ನು ಕೇಳಿದರು. ಅವರು ಆ ಕೋಣೆಯಲ್ಲಿ ಆಡಿದ್ದು ಒಂದೇ ಮಾತು. “ನಾನು ಪಕ್ಕಕ್ಕೆ ಸರಿದ್ರೆ ನನ್ನ ಹಿಂದಿನವ್ರು ಮುಂದೆ ಹೋಗ್ತಿದ್ರು ಸಾರ್.”

ಬರೆದುಕೊಳ್ಳುತ್ತಿದ್ದವರು ಆ ಮಾತನ್ನು ಹಾಗೇ ಬರೆದುಕೊಂಡರು.

ಹೊರಗೆ ಮೆಟ್ಟಿಲಿನ ಹತ್ತಿರ ನಾನು ಕೈ ಮುಗಿದು ಕ್ಷಮೆ ಕೇಳಿದೆ. ನಾಲ್ಕು ವರ್ಷದಲ್ಲಿ ಅವರ ಮುಖವನ್ನು ಸರಿಯಾಗಿ ನೋಡಿದ್ದು ಆವತ್ತೇ. “ನೀವು ಬೈದಿದ್ದಕ್ಕೆ ಬೇಜಾರಿಲ್ಲಮ್ಮ. ಬೈಕೊಂಡಾದ್ರೂ ಇಳಿದ್ರಲ್ಲ, ನಂಗೆ ಅಷ್ಟು ಸಾಕಾಗಿತ್ತು” ಎಂದರು. ನಾನು ಅಲ್ಲಿ ಅಳಲಿಲ್ಲ. ಮರುದಿನ ಲಾಂಡ್ರಿಗೆ ಹೋಗಿ, ಹಬೆಯ ನಡುವೆ ನಿಂತು ಅತ್ತೆ. ಅಲ್ಲಿ ಎಲ್ಲರ ಮುಖವೂ ಒದ್ದೆಯೇ ಇರುತ್ತದೆ, ಯಾರೂ ಕೇಳುವುದಿಲ್ಲ.

ಎರಡು ತಿಂಗಳಾದ ಮೇಲೆ ಆದೇಶ ಬಂತು. ಅಮಾನತು ರದ್ದು, ಆದರೆ ಎಚ್ಚರಿಕೆ ಕೊಟ್ಟು ಊರಿನ ಇನ್ನೊಂದು ತುದಿಯ ರೂಟಿಗೆ ವರ್ಗ. ಅಂಥ ಮನುಷ್ಯನಿಗೆ ಎಚ್ಚರಿಕೆ ಕೊಟ್ಟಿದ್ದಾರೆ, ನೋಡು! ನಮ್ಮ ಬಸ್ಸಿಗೆ ಈಗ ಹೊಸ ಡ್ರೈವರ್. ಗಾಳಿಯ ಹಾಗೆ ಓಡಿಸುತ್ತಾನೆ, ಜನರಿಗೆ ಬಹಳ ಖುಷಿ.

ಈ ಆದೇಶದ ಸುದ್ದಿ ಎಲ್ಲಿಂದಲೋ ನಿನ್ನ ಕಿವಿಗೆ ಬಿದ್ದು, ನಿನ್ನೆ ಫೋನ್ ಮಾಡಿದೆ. “ಅಕ್ಕಾ, ಅವರನ್ನ ಸ್ಟುಡಿಯೋಗೆ ಕರ್ಕೊಂಡು ಬಾ. ಊರಿನ ಹೀರೋ ಅಂತ ಒಂದು ಗಂಟೆ ಮಾಡೋಣ. ನೀನೂ ಮಾತಾಡು, ಜನ ಅಳ್ತಾರೆ.” ನಿನಗೆ ನಾಚಿಕೆಯಾಗಲಿಲ್ಲ ಎಂಬುದಕ್ಕಿಂತ, ನಾಚಿಕೆಯಾಗಬೇಕಿತ್ತು ಎಂಬುದೇ ಹೊಳೆಯಲಿಲ್ಲವಲ್ಲ, ಅದು ನನ್ನನ್ನು ಕೊಂದಿತು. ಮೂರು ತಿಂಗಳ ಹಿಂದೆ ಒಂದು ಸಾಲು ಕೇಳಿದಾಗ ಜಾಗವಿರಲಿಲ್ಲ. ಈಗ ಒಂದು ಗಂಟೆ ಇದೆ!

ಆದರೂ ಅವರ ಪರವಾಗಿ ಬೇಡ ಎನ್ನಲು ನಾನು ಯಾರು ಎಂದುಕೊಂಡು, ಇವತ್ತು ಕೆಲಸ ಮುಗಿದ ಮೇಲೆ ಎರಡು ಬಸ್ಸು ಬದಲಿಸಿ ಅವರ ಹೊಸ ರೂಟಿನ ಕೊನೆಯ ಸ್ಟಾಪಿಗೆ ಹೋದೆ. ಅವರು ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ಡಬ್ಬಿಯಿಂದ ಊಟ ಮಾಡುತ್ತಿದ್ದರು. ನೀನು ಹೇಳಿದ್ದನ್ನೆಲ್ಲ ಹೇಳಿದೆ, ನೀನು ನನ್ನ ತಮ್ಮ ಎಂಬುದನ್ನೂ ಸೇರಿಸಿ. ಅವರು ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಂಡು ಆಮೇಲೆ ಮಾತಾಡಿದರು. “ಹೀರೋ ಗೀರೋ ಎಲ್ಲ ಬೇಡಮ್ಮ. ಮಳೆ ದಿನ ದಾರಿ ಸರಿಯಿದೆ ಅಂತ ಓದೋಕೆ ಮುಂಚೆ, ನಿಮ್ಮ ತಮ್ಮ ಒಂದ್ಸಲ ಹೋಗಿ ನೀರು ನೋಡ್ಕೊಂಡು ಬರ್ಲಿ. ನಾನು ಮಾಡಿದ್ದೂ ಅಷ್ಟೇ.”

ಇದೇ ನಿನ್ನ ಫೋನಿಗೆ ಉತ್ತರ. ನನ್ನದನ್ನು ಕೇಳಿದರೆ, ನಾನು ನಿನ್ನ ಕಾರ್ಯಕ್ರಮಕ್ಕೂ ಬರುವುದಿಲ್ಲ, ಅದನ್ನು ಕೇಳುವುದೂ ಇಲ್ಲ. ಭಾನುವಾರ ನೀನು ಊಟಕ್ಕೆ ಬಾ, ಬಡಿಸುತ್ತೇನೆ. ನೀನು ಹೇಳುವ ತಮಾಷೆಗಳಿಗೆ ಮಾತ್ರ ಇನ್ನು ಮುಂದೆ ಈ ಮನೆಯಲ್ಲಿ ನಗುವವರು ಸಿಗಲಾರರು. ವಾಪಸು ಬರುವಾಗ ನಿನ್ನ ಸ್ಟುಡಿಯೋದ ಮುಂದೆ ಇಳಿದು, ಅಲ್ಲಿಂದ ಅಂಡರ್‌ಪಾಸಿನವರೆಗೆ ನಡೆದು ನೋಡಿದೆ. ಮೊಣಕಾಲು ನೋವಿನ ಹೆಂಗಸಿಗೆ ಹನ್ನೆರಡು ನಿಮಿಷ ಹಿಡಿಯಿತು. ನಿನಗೆ ಎಂಟು ಸಾಕು.

ನಿನ್ನ ಕಾಲುಗಳಿಗೆ ಅಷ್ಟು ದೂರದ ಶಕ್ತಿ ಬರಲಿ ಎಂದು ಹಾರೈಸುತ್ತ,

ನಿನ್ನ ಅಕ್ಕ