ಭಂಡಾರದ ಪೊಟ್ಟಣದಲ್ಲಿ ಬಂದ ನೋಟಿಸು

ಆಕ್ಷೇಪಣೆಗಳನ್ನು ಸ್ವೀಕರಿಸುವ ಅಧಿಕಾರಿಗಳೇ,

ನಮ್ಮ ಹಟ್ಟಿಯ ತೋಪಿನ ನೂರ ಎಂಬತ್ತು ಸುಬಾಬುಲ್ ಮರಗಳನ್ನು ಬರುವ ಸೋಮವಾರ ಕಡಿಸಿ ಕಾಗದದ ಮಿಲ್ಲಿಗೆ ಸಾಗಿಸುತ್ತಿದ್ದೀರಿ. ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಬರೆದು ತಿಳಿಸಬೇಕೆಂದು ದಿನಪತ್ರಿಕೆಯಲ್ಲಿ ಪ್ರಕಟಿಸಿದ್ದಿರಿ. ಯಾರೂ ತಿಳಿಸಲಿಲ್ಲ. ಆದ್ದರಿಂದ ಯಾರಿಗೂ ಆಕ್ಷೇಪಣೆ ಇಲ್ಲವೆಂದು ಫೈಲಿನಲ್ಲಿ ಬರೆದುಕೊಂಡಿರಿ. ನನಗೆ ಆಕ್ಷೇಪಣೆ ಇದೆ. ಒಂಬತ್ತು ದಿನ ತಡವಾಯಿತು, ಅಷ್ಟೆ.

ಧರ್ಮಪುರದಿಂದ ಆಚೆಗೆ ಬಸ್ಸಿಳಿದು ನಡೆದು ಬರಬೇಕಾದ ಹಟ್ಟಿ ನಮ್ಮದು. ಕುರಿ, ಮೇಕೆ, ಮಳೆ ಬಂದರೆ ಒಂದಿಷ್ಟು ಶೇಂಗಾ. ಪೇಪರ್ ಹಾಕುವವರು ಯಾರೂ ಇಲ್ಲ. ಹಾಗೆಂದು ಪೇಪರೇ ಬರುವುದಿಲ್ಲವೆಂದರೆ ಸುಳ್ಳಾದೀತು. ಬರುತ್ತದೆ. ಮಂಡಕ್ಕಿ ಸುತ್ತಿಕೊಂಡು, ಬಜ್ಜಿಯ ಎಣ್ಣೆ ಕುಡಿದುಕೊಂಡು, ಹಳತಾಗಿ ಬರುತ್ತದೆ. ಮರಗಳ ಸಾವಿನ ಸುದ್ದಿಯನ್ನು ಮರ ಅರೆದು ಮಾಡಿದ ಹಾಳೆಯ ಮೇಲೆ ಅಚ್ಚು ಹಾಕಿಸಿ, ಆ ಹಾಳೆ ಬಾರದ ಊರಿಗೆ ತಿಳಿಸುವ ಉಪಾಯ ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮರಿಗೆ ನನ್ನ ನಮಸ್ಕಾರ.

ಆ ತೋಪು ನೆಟ್ಟಾಗ ನಾನು ಹೊಸದಾಗಿ ಮದುವೆಯಾಗಿ ಬಂದವಳು. ಸಸಿ ಕೊಟ್ಟದ್ದು ಸರ್ಕಾರವೇ, ಮರೆತಿಲ್ಲ. ಕೊಡದಲ್ಲಿ ನೀರು ಹೊತ್ತದ್ದು ನಾವು ಹೆಂಗಸರು. ಬೇಸಿಗೆಯಲ್ಲಿ ಹುಲ್ಲೆಲ್ಲ ಸುಟ್ಟುಹೋದಾಗ ಆ ಸೊಪ್ಪು ತಿಂದೇ ಈದ ಮೇಕೆಗಳಿಗೆ ಹಾಲು ಇಳಿಯುವುದು, ಮರಿಗಳು ಬದುಕುವುದು. ತೋಪಿನ ನಡುವೆ ಒಂದು ಬೇವಿನ ಬುಡದಲ್ಲಿ ನಮ್ಮ ದೇವರಿದ್ದಾನೆ. ಆ ಬೇವಿಗೆ ನೀವು ಕಡಿಯುವ ನಂಬರ್ ಹಾಕಿಲ್ಲ. ದೇವರಿಗಾದರೂ ನೆರಳು ಉಳಿಸಿದಿರಿ.

ಪೂಜೆ ಮಾಡುವವರು ನನ್ನ ಭಾವ ಕಾಟಯ್ಯ, ನನ್ನ ಗಂಡನ ಅಣ್ಣ. ಅವರಿಗೆ ಓದು ಬಾರದು. ಅಂಗಡಿಯವರು ಕಾಯಿ, ಹಣ್ಣು ಸುತ್ತಿಕೊಟ್ಟ ಪೇಪರನ್ನೇ ಹರಿದು, ದೇವರ ಭಂಡಾರ, ಅಂದರೆ ಅರಿಶಿನವನ್ನು ಮನೆಗೊಂದು ಪೊಟ್ಟಣ ಕಟ್ಟಿಕೊಡುತ್ತಾರೆ. ಭಂಡಾರ ಮುಟ್ಟಿದ ಕಾಗದವನ್ನು ನಾವು ನೆಲಕ್ಕೆ ಬಿಸಾಡುವುದಿಲ್ಲ, ಒಲೆಗೆ ಹಾಕುವುದಿಲ್ಲ. ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿಡುತ್ತೇವೆ. ಕಳೆದ ತಿಂಗಳ ಪೊಟ್ಟಣವನ್ನೂ ಹಾಗೇ ಇಟ್ಟೆ.

ಆಮೇಲೆ ಒಂದು ದಿನ ನಿಮ್ಮವರು ಬಣ್ಣದ ಡಬ್ಬಿ ಹಿಡಿದು ಬಂದರು.

"ಯಾಕ್ರಪ್ಪ, ಮರಕ್ಕೆ ನಂಬ್ರ ಬರೀತಿದ್ದೀರಿ?" ಅಂದೆ.

"ಪೇಪರ್‌ನಾಗೆ ಹಾಕ್ಸೈತಲ್ಲಮ್ಮ, ನೋಡ್ಲಿಲ್ವಾ?"

"ಪೇಪರು ನಮ್ಮೂರಿಗೆ ಬಜ್ಜಿ ಜತೆ ಬತ್ತೈತೆ ಕಣಪ್ಪ. ಬಜ್ಜಿ ತಿಂದ ಮ್ಯಾಲೆ ಅದರಾಗೆ ಓದಾಕೆ ಏನು ಉಳಿದಿರ್ತೈತೆ?"

ಅವನು ನಕ್ಕ. ನಗುತ್ತಲೇ ಮುಂದಿನ ಮರಕ್ಕೆ ಬಣ್ಣ ಬಳಿದ.

ಮಾರನೆ ದಿನ ಹಿರಿಯೂರಿಗೆ ಬಂದು ನಿಮ್ಮ ಕಚೇರಿಯಲ್ಲಿ ಕೇಳಿದೆ. ಗುಮಾಸ್ತರು ಬೇಸರಿಸದೆ ಆ ದಿನದ ಪತ್ರಿಕೆ ತೆಗೆದು ಬಿಡಿಸಿ ತೋರಿಸಿದರು. ನೋಟಿಸಿನ ಪಕ್ಕದಲ್ಲಿ ಒಡವೆ ಅಂಗಡಿಯ ಜಾಹೀರಾತು, ಅದರಲ್ಲಿ ಕೆನ್ನೆಗೆ ಕೈಯಿಟ್ಟುಕೊಂಡ ಮದುಮಗಳು. ಆ ಮುಖವನ್ನು ಎಲ್ಲೋ ಕಂಡಿದ್ದೆ. ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು, ಭಂಡಾರದ ಪೊಟ್ಟಣದ ಹೊರಮಡಿಕೆಯಲ್ಲಿ. ಮನೆಗೆ ಬಂದು, ಕಾಲು ತೊಳೆದು, ಗೂಡಿನ ಪೊಟ್ಟಣ ಬಿಚ್ಚಿ ಭಂಡಾರವನ್ನು ತಟ್ಟೆಗೆ ಸುರಿದುಕೊಂಡೆ. ಮದುಮಗಳ ಅರ್ಧ ಮುಖ ಅರಿಶಿನದಲ್ಲಿ ಮುಳುಗಿತ್ತು. ಪಕ್ಕದಲ್ಲೇ ನಮ್ಮ ಹಟ್ಟಿಯ ಹೆಸರು. ನಾನು ಅದನ್ನು ಗೂಡಿಗಿಟ್ಟ ದಿನ, ಗಡುವಿಗೆ ಇನ್ನೂ ಹತ್ತು ದಿನ ಇತ್ತು.

ಭಾವನವರಿಗೆ ಹೇಳಿದೆ. "ನಿಂಗೆ ಅಕ್ಷರ ಬತ್ತಾವಲ್ಲ ತಾಯಿ, ಒಂದು ಸಲ ನೋಡಬಾರ್ದಿತ್ತಾ?" ಅಂದರು.

"ಭಂಡಾರದ ಕಾಗದ ಭಾವ. ಅದನ್ನ ಬಿಚ್ಚಿ ಓದ್ಕಂಡು ಕುಂತ್ಕಳಾಕಾಗ್ತೈತಾ?"

"ಅದೂ ನಿಜಾನೇ," ಅಂದರು.

ಏಳನೇ ಕ್ಲಾಸು ಓದಿದವಳು ನಾನು. ಹಟ್ಟಿಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವಳು ನಾನೇ. ತಪ್ಪನ್ನು ನಿಮ್ಮ ಒಬ್ಬರ ತಲೆಗೇ ಕಟ್ಟುವುದಿಲ್ಲ, ನನ್ನ ಪಾಲು ನನಗಿರಲಿ. ಆದರೆ ಅಧಿಕಾರಿಗಳೇ, ದೇವರಿಗೆ ಕೈಮುಗಿದು ಕಾಗದವನ್ನು ಜೋಪಾನ ಮಾಡಿದವಳ ತಪ್ಪಿಗೆ ತೋಪೇ ದಂಡವೇ?

ಹಿರಿಯೂರಿನಲ್ಲಿ ರದ್ದಿ ಕೊಳ್ಳುವ ಉಸ್ಮಾನ್ ಸಾಬ್ ನಮ್ಮ ತಂದೆಯ ಕಾಲದಿಂದ ಗುರುತಿನವರು. ಒಂದು ಟನ್ ಪೇಪರಿಗೆ ಎಷ್ಟು ಮರ ಬೇಕು ಎಂದು ಅವರನ್ನು ಕೇಳಿದೆ.

"ಹನ್ನೆರಡು ಅಂತಾರಮ್ಮ. ಸಣ್ಣ ಮರ ಆದ್ರೆ ಇನ್ನೂ ಜಾಸ್ತಿ."

"ಹಂಗಾದ್ರೆ ನಮ್ಮ ತೋಪು?"

ಬೆರಳು ಮಡಚಿ ಎಣಿಸಿದರು. "ಬಾಳ ಅಂದ್ರೆ ಹದಿನೈದು ಟನ್ನು." ಆಮೇಲೆ ಗೋಡೌನಿನ ಬಾಗಿಲು ತೆಗೆದರು. "ನೋಡ್ರಿ ಇಲ್ಲಿ. ನಮ್ಮ ನಾಕು ಅಂಗ್ಡಿ ಸೇರಿದ್ರೆ ಅದಕ್ಕಿಂತ ಜಾಸ್ತಿ ರದ್ದಿ ಬಿದ್ದೈತೆ. ಮಸಿ ತೊಳ್ದು, ಅರೆದು, ಮತ್ತೆ ಪೇಪರೇ ಮಾಡ್ತಾರೆ. ನಾಕೈದು ಸಲ ಮಾಡಬೌದಂತೆ. ಆದ್ರೆ ನಮ್ಮ ಬಾಗಿಲಿಗೆ ಲಾರಿ ಕಳ್ಸೋರು ಯಾರು?"

ತೊಳೆಯುವಾಗ ಒಂದಿಷ್ಟು ಕರಗಿ ಹೋಗುತ್ತದೆಂದೂ ಅವರೇ ಹೇಳಿದರು. ಹೋಗಲಿ, ಒಪ್ಪಿದೆ. ಆದರೂ ಕೇಳುತ್ತೇನೆ. ಇರುವ ಕಾಗದಕ್ಕೆ ಗೆದ್ದಲು ಹಿಡಿಯಬೇಕು, ಇರುವ ಮರಕ್ಕೆ ಗರಗಸ ಬೀಳಬೇಕು, ಇದು ಯಾವ ಊರಿನ ಸಂಸಾರ? ನಮ್ಮ ಮನೆಯ ಸೊಸೆ ತಂಗಳು ರೊಟ್ಟಿಯನ್ನು ಮುಚ್ಚಿಟ್ಟು ಹೊಸ ಹಿಟ್ಟು ಕಲಸಿದರೆ ಗದರುತ್ತೇವೆ. ನಿಮ್ಮನ್ನು ಗದರುವವರು ಯಾರೂ ಇಲ್ಲವೇ? ಪರಿಸರ ದಿನ ಬಂದರೆ ಮರ ಉಳಿಸಿ ಎಂದು ಪೂರ್ತಿ ಪುಟದ ಜಾಹೀರಾತು ಕೊಡುತ್ತೀರಂತೆ. ಆ ಪುಟಗಳಿಗೆ ಎಷ್ಟು ಮರವಾಯಿತು ಎಂದು ಉಸ್ಮಾನ್ ಸಾಬರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಈ ಪತ್ರವನ್ನೂ ಅಂಥದೇ ಹಾಳೆಯಲ್ಲಿ ಬರೆಯಬೇಕು, ಆ ಪಾಪವೂ ನನ್ನದಾಯಿತು.

ಸುಬಾಬುಲ್ ಕಡಿದರೆ ಮತ್ತೆ ಚಿಗುರುತ್ತದೆ ಎಂದು ನಿಮ್ಮ ಗುಮಾಸ್ತರು ಸಮಾಧಾನ ಹೇಳಿ ಕಳಿಸಿದರು. ಚಿಗುರುತ್ತದೆ, ಸುಳ್ಳಲ್ಲ. ಅದು ಚಿಗುರುವ ತನಕ ಮೇಕೆಮರಿ ಉಪವಾಸ ಕಾಯುವುದಿಲ್ಲ.

ಯಂತ್ರ ಬರುವ ಮೊದಲು ನೀವೇ ಬನ್ನಿ. ಬೇವಿನ ಕೆಳಗೆ ನಿಂತು ಆ ನೋಟಿಸನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ. ಹದಿನೈದು ದಿನವನ್ನು ಅಂದಿನಿಂದ ಎಣಿಸಿ. ಅದು ಕಾನೂನಿನಲ್ಲಿಲ್ಲ ಎನ್ನುವುದಾದರೆ, ಈ ಬೇಸಿಗೆ ಕಳೆಯುವವರೆಗೆ ಅರ್ಧ ತೋಪನ್ನಾದರೂ ಬಿಡಿ. ಅದೂ ನಿಮ್ಮ ಕೈಯಲ್ಲಿಲ್ಲವಾದರೆ, ಸೋಮವಾರ ಬರುವವರಿಗೆ ಒಂದು ಮಾತು ಹೇಳಿ: ಲಾರಿಗೆ ತುಂಬುವ ಮೊದಲು ಸೊಪ್ಪು ಸವರಿ ನಮಗೆ ಬಿಟ್ಟುಹೋಗಲಿ. ಮಿಲ್ಲಿಗೆ ಸೊಪ್ಪು ಬೇಕಿಲ್ಲವಲ್ಲ. ಹೆಂಗಸರೆಲ್ಲ ಬೆಳಿಗ್ಗೆಯೇ ಹಗ್ಗ ತಂದು ಕಾದಿರುತ್ತೇವೆ. ಬಾಡುವುದರೊಳಗೆ ಮೂರು ದಿನದ ಮೇವಾದೀತು.

ಇಂತಿ,
ಗಡುವು ಮುಗಿದ ಮೇಲೆ ಓದಿಕೊಂಡವಳು,
ದೊಡ್ಡಕ್ಕ
ಧರ್ಮಪುರ ಹೋಬಳಿ, ಹಿರಿಯೂರು ತಾಲ್ಲೂಕು